ವಕೀಲರ ಹೆಸರಿನಲ್ಲಿ ಬರುವ ನಕಲಿ ಇ-ಮೇಲ್: ವ್ಯಾಪಾರಸ್ಥರು ಪರಿಶೀಲಿಸಬೇಕಾದ ಕ್ರಮ

"ಯಾರೋ ವಕೀಲರಿಂದ ಇ-ಮೇಲ್ ಬಂದಿದೆ, 24 ಗಂಟೆಯೊಳಗೆ ಹಣ ಕಟ್ಟದಿದ್ದರೆ ಕೇಸು ಹಾಕುತ್ತಾರಂತೆ, ಇದು ನಿಜವೋ ಸುಳ್ಳೋ?" ಕಲಬುರಗಿಯ ಗಂಜಿನ ಅಡತಿ ವ್ಯಾಪಾರಿಗಳು, ದಾಲ್ ಮಿಲ್ ಮಾಲೀಕರು, ಬೀದರಿನಲ್ಲಿ ಬಿದ್ರಿ ಸಾಮಾನು ಮಾರುವವರು, ಯಾದಗಿರಿ ಕಡೆಯ ಹತ್ತಿ ವ್ಯಾಪಾರಸ್ಥರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಇಲ್ಲಿ ಉತ್ತರವನ್ನು ಹಂತ ಹಂತವಾಗಿ ಬರೆಯಲಾಗಿದೆ. ಒಂದು ಮಾತನ್ನು ಮೊದಲೇ ಹೇಳಬೇಕು. ಲೆಟರ್‌ಹೆಡ್, ಮೊಹರು, ಸಹಿ, ವಕೀಲರ ನೋಂದಣಿ ಸಂಖ್ಯೆ, ಕಾಯಿದೆಯ ಕಲಮುಗಳು, ಇವೆಲ್ಲವನ್ನೂ ಯಾರು ಬೇಕಾದರೂ ನಕಲು ಮಾಡಬಹುದು. ಆದ್ದರಿಂದ ಇ-ಮೇಲಿನ ಒಳಗಿರುವ ಯಾವ ಸಂಗತಿಯೂ ಆ ಮೇಲಿಗೆ ಸಾಕ್ಷಿಯಾಗುವುದಿಲ್ಲ. ಸಾಕ್ಷಿಯನ್ನು ನೀವು ಹೊರಗಿನಿಂದ, ನಿಮ್ಮದೇ ದಾರಿಯಲ್ಲಿ ಹುಡುಕಬೇಕು. ಹಾಗೆಂದು ಇಂಥ ಪತ್ರಗಳನ್ನೆಲ್ಲ ಸುಳ್ಳೆಂದು ಅಳಿಸಿಹಾಕುವುದೂ ಅಷ್ಟೇ ಅಪಾಯಕರ, ಏಕೆಂದರೆ ನಿಜವಾದ ನೋಟಿಸಿಗೆ ಕಾನೂನಿನ ಗಡುವು ಇರುತ್ತದೆ.

ವಂಚಕರ ಪತ್ರಗಳು ಯಾವ ರೂಪದಲ್ಲಿ ಬರುತ್ತವೆ

ಟ್ರೇಡ್‌ಮಾರ್ಕ್, ಅಂದರೆ ನಿಮ್ಮ ಸರಕಿನ ಮೇಲಿನ ಹೆಸರು ಮತ್ತು ಗುರುತಿನ ನೋಂದಣಿ, ಇದರ ಹೆಸರಿನಲ್ಲಿ ಬರುವ ಪತ್ರ ಒಂದು ಬಗೆ. "ನಿಮ್ಮ ಬೇಳೆಯ ಚೀಲದ ಮೇಲಿರುವ ಹೆಸರನ್ನು ಇನ್ನೊಬ್ಬರು ನೋಂದಾಯಿಸಲು ಬಂದಿದ್ದಾರೆ, ಈ ದಿನವೇ ಶುಲ್ಕ ಕಳುಹಿಸಿದರೆ ನಿಮಗೆ ಆದ್ಯತೆ ಕೊಡಿಸುತ್ತೇವೆ" ಎಂಬುದು ಅದರ ಸಾರ. ಎರಡನೆಯ ಬಗೆಯಲ್ಲಿ, ನಿಮ್ಮ ಜಾಲತಾಣದಲ್ಲಿ ಬಳಸಿದ ಚಿತ್ರ ತಮ್ಮ ಕಕ್ಷಿದಾರರದ್ದೆಂದೂ ಪುರಾವೆ ಲಗತ್ತಿನಲ್ಲಿದೆಯೆಂದೂ ಬರೆದಿರುತ್ತಾರೆ. ಆ ಲಗತ್ತೇ ಕಂಪ್ಯೂಟರಿನೊಳಗೆ ಕಳ್ಳ ತಂತ್ರಾಂಶವನ್ನು ಸೇರಿಸುವ ಸಾಧನವಾಗಿರುತ್ತದೆ. ಬಾಕಿ ವಸೂಲಿ ಅಥವಾ ಚೆಕ್ ಬೌನ್ಸ್ ನೋಟಿಸು, ನ್ಯಾಯಾಲಯದ ಸಮನ್ಸಿನ ನಕಲು, ವಿದೇಶಿ ಖರೀದಿದಾರರ ಪರವಾಗಿ ಒಪ್ಪಂದಕ್ಕೆ ಮುಂಗಡ "ಕಾನೂನು ಶುಲ್ಕ" ಕೇಳುವ ಪತ್ರ, ಇವು ಉಳಿದ ರೂಪಗಳು. ಎಲ್ಲಕ್ಕಿಂತ ಹೆಚ್ಚು ಹಣ ಕಳೆಯುವುದು ಕೊನೆಯ ಬಗೆಯಲ್ಲಿ: ನೀವು ಬಹುಕಾಲದಿಂದ ಬಲ್ಲ ನಿಮ್ಮದೇ ವಕೀಲರ ಹೆಸರಿನಲ್ಲಿ, ನಡೆಯುತ್ತಿರುವ ನಿಮ್ಮದೇ ವ್ಯವಹಾರದ ಬಗ್ಗೆ, "ಈ ಬಾರಿ ಹಣವನ್ನು ಈ ಹೊಸ ಖಾತೆಗೆ ಹಾಕಿ" ಎಂದು ಬರುವ ಎರಡು ಸಾಲಿನ ಮೇಲ್.

ಪರಿಶೀಲನೆಗೆ ಬೇಕಾದದ್ದು

ಬೇಕಾದ ವಸ್ತುಗಳೆಲ್ಲ ನಿಮ್ಮ ಅಂಗಡಿಯಲ್ಲೇ ಇರುತ್ತವೆ: ನಿಮ್ಮ ವಕೀಲರ ಮತ್ತು ಲೆಕ್ಕ ಪರಿಶೋಧಕರ ದೂರವಾಣಿ ಸಂಖ್ಯೆಗಳನ್ನು ಕೈಯಿಂದ ಬರೆದಿಟ್ಟ ಒಂದು ಹಾಳೆ, ಕೊಟ್ಟ ಚೆಕ್ಕುಗಳ ವಿವರವಿರುವ ವಹಿ, ಬ್ಯಾಂಕಿನ ಸ್ಟೇಟ್‌ಮೆಂಟ್, ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದರೆ ಅದರ ಸಂಖ್ಯೆ, ಬಾಕಿ ಮತ್ತು ತಕರಾರುಗಳ ಪಟ್ಟಿ. ಈ ಕಡತವನ್ನು ಮೇಲ್ ಬಂದ ಮೇಲೆ ಹುಡುಕುವ ಬದಲು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಿ. ಮೇಲ್ ತೆರೆದು ನೋಡುವ ಗುಮಾಸ್ತರಿಗೂ ಅದು ಎಲ್ಲಿದೆ ಎಂಬುದು ತಿಳಿದಿರಬೇಕು.

ಹಂತ 1: ಮುಟ್ಟದೆ ಇರಿಸಿಕೊಳ್ಳಿ

ಮೇಲ್ ಕಂಡೊಡನೆ ಲಗತ್ತನ್ನು ತೆರೆಯಬೇಡಿ, ಕೊಂಡಿಯನ್ನು ಒತ್ತಬೇಡಿ, ಉತ್ತರ ಬರೆಯಬೇಡಿ, ಅದರಲ್ಲಿ ಕೊಟ್ಟಿರುವ ಸಂಖ್ಯೆಗೆ ಕರೆ ಮಾಡಬೇಡಿ. ಅಳಿಸಲೂ ಬೇಡಿ. ಮೇಲ್ ಬಂದ ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳಿ. ಪತ್ರ ನಿಜವಾಗಿದ್ದರೆ ಗಡುವಿನ ಲೆಕ್ಕಕ್ಕೆ, ಸುಳ್ಳಾಗಿದ್ದರೆ ದೂರಿಗೆ ಅದು ಬೇಕಾಗುತ್ತದೆ. ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಗಾಬರಿಯಲ್ಲಿ ಆ ಮೇಲನ್ನು ಮಗನಿಗೆ, ಗುಮಾಸ್ತರಿಗೆ, ಪಾಲುದಾರರಿಗೆ ಕಳುಹಿಸಿ "ಇದೇನು ನೋಡು" ಎನ್ನುವುದು. ಅವರಲ್ಲಿ ಒಬ್ಬರು ಲಗತ್ತನ್ನು ತೆರೆದರೂ ಸಾಕು, ಅಪಾಯ ಒಳಗೆ ಬಂದಂತೆ. ತೋರಿಸಲೇಬೇಕಾದರೆ ಪರದೆಯ ಚಿತ್ರ ತೆಗೆದು ಕಳುಹಿಸಿ.

ಹಂತ 2: ಕಳುಹಿಸಿದವರ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ

ಇ-ಮೇಲಿನ ನೆತ್ತಿಯಲ್ಲಿ ಕಾಣುವ ಹೆಸರಿಗೆ ಯಾವ ಬೆಲೆಯೂ ಇಲ್ಲ. ಲಕೋಟೆಯ ಮೇಲೆ ಯಾರು ಯಾವ ಹೆಸರನ್ನಾದರೂ ಬರೆಯಬಹುದಾದಂತೆ ಇಲ್ಲಿಯೂ ಬರೆಯಬಹುದು. ಮೊಬೈಲಿನಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟರೆ ನಿಜವಾದ ವಿಳಾಸ ತೆರೆದುಕೊಳ್ಳುತ್ತದೆ. ಅದರಲ್ಲಿ 'ಅಟ್' ಗುರುತಿನ ಬಲಕ್ಕಿರುವ ಭಾಗವನ್ನು ಡೊಮೇನ್ ಎನ್ನುತ್ತಾರೆ, ಅಂದರೆ ಆ ಮೇಲ್ ಯಾರ ಮನೆಯಿಂದ ಹೊರಟಿತು ಎಂಬುದರ ಗುರುತು. ಇಂಗ್ಲಿಷಿನ 'ಎಂ' ಅಕ್ಷರವಿರಬೇಕಾದಲ್ಲಿ 'ಆರ್' ಮತ್ತು 'ಎನ್' ಅಕ್ಷರಗಳನ್ನು ಒತ್ತೊತ್ತಾಗಿ ಇಡುವುದು, 'ಎಲ್' ಇರುವಲ್ಲಿ ಅಂಕೆ 1 ಬರೆಯುವುದು, ಹೆಸರಿನ ನಡುವೆ ಒಂದು ಅಡ್ಡಗೆರೆ ಸೇರಿಸುವುದು ವಂಚಕರ ಹಳೆಯ ರೂಢಿ. ಚಿಕ್ಕ ಪರದೆಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಸರ್ಕಾರಿ ವಿಳಾಸವೆಂದು ತೋರಿದರೆ ಅದು 'ಡಾಟ್ ಗೌ ಡಾಟ್ ಇನ್' (.gov.in) ಅಥವಾ 'ಡಾಟ್ ನಿಕ್ ಡಾಟ್ ಇನ್' (.nic.in) ಎಂದು ಕೊನೆಯಾಗುತ್ತದೆಯೇ ನೋಡಿ; ಆ ಅಕ್ಷರಗಳು ನಡುವೆ ಎಲ್ಲೋ ಇದ್ದು ಕೊನೆಯಲ್ಲಿ 'ಡಾಟ್ ಕಾಮ್' ಇದ್ದರೆ ಅದು ಸರ್ಕಾರದ್ದಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ವಿಳಾಸ ಜಿಮೇಲ್‌ನದ್ದಾಗಿದೆ ಎಂಬ ಒಂದೇ ಕಾರಣಕ್ಕೆ ಪತ್ರವನ್ನು ಸುಳ್ಳೆನ್ನಬೇಡಿ, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಪ್ರಾಮಾಣಿಕವಾಗಿ ವೃತ್ತಿ ಮಾಡುವ ಎಷ್ಟೋ ವಕೀಲರು ಜಿಮೇಲನ್ನೇ ಬಳಸುತ್ತಾರೆ. ಹಾಗೆಯೇ, ಭಾರೀ ಹೆಸರಿನ ಸ್ವಂತ ಡೊಮೇನ್ ಇದೆ ಎಂದ ಮಾತ್ರಕ್ಕೆ ನಂಬಲೂಬೇಡಿ. ಅಂಥದ್ದನ್ನು ಯಾರಾದರೂ ಕೆಲವೇ ನಿಮಿಷಗಳಲ್ಲಿ ಕೊಳ್ಳಬಹುದು.

ಉತ್ತರ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಮೇಲ್ ಒಂದು ವಿಳಾಸದಿಂದ ಬಂದು, ಉತ್ತರ ಬೇರೊಂದು ವಿಳಾಸಕ್ಕೆ ಹೋಗುವಂತೆ ಗೊತ್ತುಮಾಡಿದ್ದರೆ ಅದು ಬಲವಾದ ಸಂಶಯಕ್ಕೆ ಕಾರಣ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಮೇಲಿನ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ 'ಶೋ ಒರಿಜಿನಲ್' ಆರಿಸಿದರೆ ಮೇಲಿನ ಪೂರ್ಣ ಜಾತಕ ಕಾಣುತ್ತದೆ. ಅಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲುಗಳಿರುತ್ತವೆ; ಮೇಲ್ ತಾನು ಹೇಳಿಕೊಳ್ಳುವ ಡೊಮೇನಿನಿಂದಲೇ ಬಂದಿದೆಯೇ ಎಂಬ ತಾಂತ್ರಿಕ ತಪಾಸಣೆಯ ಫಲಿತಾಂಶಗಳು ಅವು. 'ಫೇಲ್' ಎಂದಿದ್ದರೆ ಸಂಶಯ ಬಲವಾಗುತ್ತದೆ. 'ಪಾಸ್' ಎಂದಿದ್ದರೆ ಮೇಲ್ ಆ ಡೊಮೇನಿನದ್ದು ಎಂದಷ್ಟೇ ಅರ್ಥ, ಆ ಡೊಮೇನಿನ ಒಡೆಯರು ಸಾಚಾ ಎಂದಲ್ಲ.

ಲಗತ್ತಿನ ಹೆಸರನ್ನು ತೆರೆಯದೆಯೇ ಓದಬಹುದು. 'ನೋಟಿಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ' ಎಂಬಂಥ ಎರಡು ಬಾಲದ ಹೆಸರು, ಜಿಪ್ ಅಥವಾ ಎಚ್‌ಟಿಎಂಎಲ್ ಕಡತ, ವಾಟ್ಸಾಪ್ ಮೂಲಕ ಬಂದ ಎಪಿಕೆ ಕಡತ (ಮೊಬೈಲಿನಲ್ಲಿ ಆ್ಯಪ್ ಸೇರಿಸುವ ಕಡತ), ಇವು ನೋಟಿಸುಗಳಲ್ಲ. ಗುಪ್ತಪದ ಹಾಕಿದ ಜಿಪ್ ಕಳುಹಿಸಿ ಆ ಗುಪ್ತಪದವನ್ನು ಅದೇ ಮೇಲಿನಲ್ಲಿ ಬರೆದಿದ್ದರೆ, ವೈರಸ್ ಹುಡುಕುವ ತಂತ್ರಾಂಶಕ್ಕೆ ಒಳಗಿನದು ಕಾಣದಿರಲಿ ಎಂದೇ ಹಾಗೆ ಮಾಡಿರುತ್ತಾರೆ.

ಹಂತ 3: ವಿಷಯವನ್ನು ನಿಮ್ಮ ದಾಖಲೆಯೊಂದಿಗೆ ಹೋಲಿಸಿ

ನಿಜವಾದ ಲೀಗಲ್ ನೋಟಿಸಿನಲ್ಲಿ ವಕೀಲರು ಯಾರ ಪರವಾಗಿ ಬರೆಯುತ್ತಿದ್ದಾರೆ, ಅವರ ಹೆಸರು ವಿಳಾಸವೇನು, ಯಾವ ದಿನಾಂಕದ ಯಾವ ಬಿಲ್ಲು, ಎಷ್ಟು ಮೊತ್ತ, ಏನನ್ನು ಎಷ್ಟು ದಿನಗಳಲ್ಲಿ ಕೇಳುತ್ತಿದ್ದಾರೆ ಎಂಬುದು ಸ್ಪಷ್ಟವಾಗಿರುತ್ತದೆ. ನಕಲಿಯಲ್ಲಿ ಕಲಮುಗಳು ಹೆಚ್ಚು, ಸಂಗತಿಗಳು ಕಡಿಮೆ. "ಮಾನ್ಯ ವ್ಯಾಪಾರ ಮಾಲೀಕರೇ" ಎಂಬ ಸಂಬೋಧನೆಯ ನಂತರ ನೇರವಾಗಿ ಬಂಧನದ ಬೆದರಿಕೆ, ಗಂಟೆಗಳ ಲೆಕ್ಕದ ಗಡುವು, "ವಿಷಯ ಗೋಪ್ಯವಾದದ್ದು, ಯಾರೊಂದಿಗೂ ಚರ್ಚಿಸಬೇಡಿ" ಎಂಬ ಸೂಚನೆ ಇದ್ದರೆ ಅಲ್ಲಿಯೇ ನಿಲ್ಲಿ. ಯಾವ ವಕೀಲರಿಗೂ ನಿಮ್ಮನ್ನು ಬಂಧಿಸುವ ಅಧಿಕಾರವಿಲ್ಲ, ಮತ್ತು ಎದುರು ಪಕ್ಷದವರು ತಮ್ಮ ವಕೀಲರನ್ನು ಕೇಳಬಾರದೆಂದು ಬಯಸುವ ವಕೀಲರಿಲ್ಲ. ಭಾಷೆಯ ತಪ್ಪುಗಳನ್ನು ಮಾತ್ರ ಗುರುತಾಗಿ ನೆಚ್ಚಿಕೊಳ್ಳಬೇಡಿ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಈಗ ವಂಚಕರು ಶುದ್ಧ ಇಂಗ್ಲಿಷಿನಲ್ಲೂ ಶುದ್ಧ ಕನ್ನಡದಲ್ಲೂ ಬರೆಯುತ್ತಾರೆ.

ಚೆಕ್ ಬೌನ್ಸ್ ಎಂದು ಬಂದರೆ ಪರಿಶೀಲನೆ ಸುಲಭ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ, 1881ರ 138ನೇ ಕಲಮಿನ ಪ್ರಕಾರ, ಚೆಕ್ ಹಿಂದಿರುಗಿದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಹಣ ಬರಬೇಕಾದವರು ಬರವಣಿಗೆಯಲ್ಲಿ ನೋಟಿಸು ಕೊಡಬೇಕು, ನೋಟಿಸು ತಲುಪಿದ ಮೇಲೆ ಹಣ ಪಾವತಿಸಲು ನಿಮಗೆ 15 ದಿನಗಳ ಅವಕಾಶವಿರುತ್ತದೆ. ಪತ್ರದಲ್ಲಿ ಚೆಕ್ಕಿನ ಸಂಖ್ಯೆ ಇದೆಯೇ, ಆ ಸಂಖ್ಯೆ ನಿಮ್ಮ ಪುಸ್ತಕದ್ದೇ, ಸ್ಟೇಟ್‌ಮೆಂಟಿನಲ್ಲಿ ಆ ದಿನ ಚೆಕ್ ಹಿಂದಿರುಗಿದ ನಮೂದು ಇಲ್ಲವೇ ಅದಕ್ಕಾಗಿ ಕಡಿತವಾದ ಶುಲ್ಕ ಇದೆಯೇ ಎಂದು ನೋಡಿ. ಒಂದೂ ಇಲ್ಲದಿದ್ದರೆ ಆ ಬೌನ್ಸ್ ನಡೆದಿರುವ ಸಂಭವ ತೀರ ಕಡಿಮೆ.

ಟ್ರೇಡ್‌ಮಾರ್ಕ್ ಬೆದರಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೇಳೆ, ಮಸಾಲೆ, ಎಣ್ಣೆಗಳನ್ನು ಸ್ವಂತ ಹೆಸರಿನ ಪೊಟ್ಟಣದಲ್ಲಿ ಮಾರುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ ಮತ್ತು ಹೆಸರು ಕೈತಪ್ಪೀತೆಂಬ ಭಯ ಸಹಜವಾದದ್ದು. ಟ್ರೇಡ್‌ಮಾರ್ಕ್ ಕಾಯಿದೆ, 1999ರ ಪ್ರಕಾರ ಒಬ್ಬರ ಅರ್ಜಿಯನ್ನು ಇಲಾಖೆ ಪರಿಶೀಲಿಸಿ ತನ್ನ ಪತ್ರಿಕೆಯಲ್ಲಿ ಪ್ರಕಟಿಸುತ್ತದೆ. ಪ್ರಕಟವಾದ ನಂತರ ಯಾರಾದರೂ ಆಕ್ಷೇಪ ಸಲ್ಲಿಸಲು 4 ತಿಂಗಳ ಕಾಲಾವಕಾಶವಿರುತ್ತದೆ. ಅರ್ಜಿ ಹಾಕಿದವರಿಗಿಂತ ಮೊದಲಿನಿಂದ ನೀವು ಆ ಹೆಸರನ್ನು ಎಡೆಬಿಡದೆ ಬಳಸಿಕೊಂಡು ಬಂದಿದ್ದರೆ ಆ ಬಳಕೆಗೂ ಅದೇ ಕಾಯಿದೆಯಲ್ಲಿ ರಕ್ಷಣೆಯಿದೆ. ಹೀಗಿರುವಾಗ ಒಂದೇ ದಿನದಲ್ಲಿ ಹೆಸರು ಕಳೆದುಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನೋಂದಣಿಯ ನವೀಕರಣವೂ 10 ವರ್ಷಗಳಿಗೊಮ್ಮೆ ಮಾತ್ರ, ಅದರ ಸರ್ಕಾರಿ ಶುಲ್ಕ ಸಲ್ಲುವುದು ಇಲಾಖೆಗೇ ಹೊರತು ಅಪರಿಚಿತರ ಖಾತೆಗಲ್ಲ. ಇನ್ನು ಬಿದ್ರಿ ಕಲೆಗೂ, 2019ರಲ್ಲಿ ನಮ್ಮ ಕಲಬುರಗಿಯ ತೊಗರಿ ಬೇಳೆಗೂ ದೊರೆತಿರುವ ಭೌಗೋಳಿಕ ಸೂಚಕವು ಒಂದು ಪ್ರದೇಶದ ಉತ್ಪಾದಕರೆಲ್ಲರಿಗೂ ಸೇರಿದ ಹಕ್ಕು. ಅದನ್ನು ಯಾರೋ ಒಬ್ಬರು ತಮ್ಮ ಸ್ವಂತಕ್ಕೆ ಬರೆಸಿಕೊಳ್ಳುತ್ತಿದ್ದಾರೆ ಎಂದು ಬೆದರಿಸುವ ಪತ್ರವನ್ನು ನಂಬಬೇಡಿ.

ಹಂತ 4: ವಕೀಲರನ್ನು ಪರಿಶೀಲಿಸಿ

ವೃತ್ತಿ ಮಾಡುವ ಪ್ರತಿಯೊಬ್ಬ ವಕೀಲರೂ ವಕೀಲರ ಕಾಯಿದೆ, 1961ರ ಅಡಿಯಲ್ಲಿ ಯಾವುದಾದರೊಂದು ರಾಜ್ಯದ ವಕೀಲರ ಪರಿಷತ್ತಿನಲ್ಲಿ ದಾಖಲಾಗಿರಬೇಕು. ಕರ್ನಾಟಕದಲ್ಲಿ ದಾಖಲಾದವರ ಸಂಖ್ಯೆ ಸಾಮಾನ್ಯವಾಗಿ 'ಕೆಎಆರ್' ಎಂದು ಆರಂಭವಾಗಿ, ಕ್ರಮಸಂಖ್ಯೆ ಮತ್ತು ವರ್ಷದೊಂದಿಗೆ ಮುಗಿಯುತ್ತದೆ. ಆ ಹೆಸರು ಮತ್ತು ಸಂಖ್ಯೆಯನ್ನು ರಾಜ್ಯ ವಕೀಲರ ಪರಿಷತ್ತಿನಲ್ಲಿ ವಿಚಾರಿಸಬಹುದು. ಸ್ಥಳೀಯರೆಂದು ಹೇಳಿಕೊಂಡಿದ್ದರೆ ಕಲಬುರಗಿ, ಬೀದರ ಅಥವಾ ಯಾದಗಿರಿಯ ನ್ಯಾಯಾಲಯದ ಆವರಣದಲ್ಲಿರುವ ವಕೀಲರ ಸಂಘಕ್ಕೆ ಖುದ್ದಾಗಿ ಹೋಗಿ ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಬೇಗನೆ ಮುಗಿಯುವ ಕೆಲಸ.

ಬಹಳ ಜನ ಇಲ್ಲಿ ಎಡವುತ್ತಾರೆ. "ಇಂಥ ವಕೀಲರು ಇದ್ದಾರೆಯೇ?" ಎಂದು ಕೇಳಿ, ಇದ್ದಾರೆಂದು ತಿಳಿದೊಡನೆ ಪತ್ರ ನಿಜವೆಂದು ತೀರ್ಮಾನಿಸುತ್ತಾರೆ. ವಂಚಕರು ಹೆಚ್ಚಾಗಿ ನಿಜವಾಗಿ ಇರುವ ವಕೀಲರ ಹೆಸರು, ಭಾವಚಿತ್ರ, ನೋಂದಣಿ ಸಂಖ್ಯೆಗಳನ್ನೇ ಕದ್ದು ಬಳಸುತ್ತಾರೆ. ಆದ್ದರಿಂದ ಆ ವಕೀಲರ ದೂರವಾಣಿ ಸಂಖ್ಯೆಯನ್ನು ಸಂಘದಿಂದಲೋ ಬೇರೆ ವಕೀಲರಿಂದಲೋ ಪಡೆದು, "ಈ ದಿನಾಂಕದಂದು ಈ ಹೆಸರಿಗೆ ಈ ಪತ್ರವನ್ನು ತಾವು ಕಳುಹಿಸಿದ್ದೀರಾ?" ಎಂದೇ ಕೇಳಬೇಕು. ಕೇಳಲು ಸಂಕೋಚ ಬೇಡ. ನಿಜವಾಗಿ ಕಳುಹಿಸಿದವರು ಹೌದೆನ್ನುತ್ತಾರೆ, ಕಳುಹಿಸದವರು ತಮ್ಮ ಹೆಸರು ದುರುಪಯೋಗವಾಗಿರುವುದು ತಿಳಿಯಿತೆಂದು ಉಪಕಾರ ನೆನೆಯುತ್ತಾರೆ.

ಕೆಲಸ ಕೊಡಿ ಎಂದು ತಾವಾಗಿ ಅಪರಿಚಿತರನ್ನು ಕೇಳಿಕೊಂಡು ಹೋಗುವುದನ್ನು, ಜಾಹೀರಾತು ಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ ಎಂಬುದೂ ನೆನಪಿನಲ್ಲಿರಲಿ. "ನಿಮ್ಮ ಪರ ನಾವೇ ಹೋರಾಡುತ್ತೇವೆ, ಶುಲ್ಕ ಕಳುಹಿಸಿ" ಎಂದು ಪರಿಚಯವೇ ಇಲ್ಲದ ವಕೀಲರ ಸಂಸ್ಥೆ ಬರೆದರೆ ಅಷ್ಟರಿಂದಲೇ ಸಂಶಯ ಪಡಬಹುದು.

ಹಂತ 5: ಪ್ರಕರಣವನ್ನು ಸರ್ಕಾರಿ ತಾಣದಲ್ಲಿ ಹುಡುಕಿ

ಮೇಲಿನಲ್ಲಿ ಪ್ರಕರಣದ ಸಂಖ್ಯೆ ಕೊಟ್ಟಿದ್ದರೆ, ಅದರ ಕೊಂಡಿಯನ್ನು ಬಿಟ್ಟು, ನೀವೇ ಬ್ರೌಸರಿನಲ್ಲಿ ಇ-ಕೋರ್ಟ್ಸ್ ತಾಣವನ್ನು ತೆರೆಯಿರಿ ಅಥವಾ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಬಳಸಿ. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ, ಅಕ್ಷರ ಮತ್ತು ಅಂಕೆ ಸೇರಿ 16 ಸ್ಥಾನಗಳ ಗುರುತಿನ ಸಂಖ್ಯೆ ಇರುತ್ತದೆ. ಕರ್ನಾಟಕದ್ದು 'ಕೆಎ' ಎಂದು ಆರಂಭವಾಗುತ್ತದೆ. ಸಂಖ್ಯೆ ಇಲ್ಲದಿದ್ದರೆ ಜಿಲ್ಲೆ, ನ್ಯಾಯಾಲಯ, ವರ್ಷ ಆರಿಸಿ ಪಕ್ಷಗಾರರ ಹೆಸರಿನಿಂದಲೂ ಹುಡುಕಬಹುದು. ಅಂಗಡಿಯ ಹೆಸರು, ನಿಮ್ಮ ಹೆಸರು ಎರಡನ್ನೂ ಬೇರೆ ಬೇರೆ ಕಾಗುಣಿತದಲ್ಲಿ ಹಾಕಿ ನೋಡಿ. ಉಚ್ಚ ನ್ಯಾಯಾಲಯವೆಂದು ಹೇಳಿದ್ದರೆ, 2013ರಿಂದ ಕಾಯಂ ಪೀಠವಾಗಿರುವ ಕಲಬುರಗಿ ಪೀಠದ ಪ್ರಕರಣಗಳನ್ನು ಉಚ್ಚ ನ್ಯಾಯಾಲಯದ ತಾಣದಲ್ಲಿ ಹುಡುಕಬಹುದು.

ಆದರೆ ಪ್ರಕರಣ ದಾಖಲಿಸುವ ಮುನ್ನ ಕಳುಹಿಸುವ ಲೀಗಲ್ ನೋಟಿಸಿಗೆ ಸಿಎನ್‌ಆರ್ ಸಂಖ್ಯೆ ಇರುವುದಿಲ್ಲ, ಅದು ನ್ಯಾಯಾಲಯದ ಆದೇಶವೂ ಅಲ್ಲ. ಆದ್ದರಿಂದ ತಾಣದಲ್ಲಿ ಏನೂ ಸಿಗದಿದ್ದರೆ ನೋಟಿಸೇ ಸುಳ್ಳೆಂದು ಹೇಳಲಾಗದು. "ಪ್ರಕರಣ ದಾಖಲಾಗಿದೆ, ಆದೇಶವಾಗಿದೆ" ಎಂಬ ಮಾತನ್ನು ಮಾತ್ರ ಸಂಶಯದಿಂದ ನೋಡಬೇಕು. "ಮೂಲ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿದ್ದೇವೆ" ಎಂದಿದ್ದರೆ, 'ಐಎನ್' ಎಂದು ಕೊನೆಗೊಳ್ಳುವ 13 ಸ್ಥಾನಗಳ ಅಂಚೆ ಸಂಖ್ಯೆಯನ್ನು ಭಾರತೀಯ ಅಂಚೆಯ ತಾಣದಲ್ಲಿ ಹಾಕಿ ನೋಡಿ. ಟ್ರೇಡ್‌ಮಾರ್ಕ್ ಅರ್ಜಿಗಳನ್ನು ಇಲಾಖೆಯ 'ಐಪಿ ಇಂಡಿಯಾ' ತಾಣದಲ್ಲಿ ಯಾರಾದರೂ ಉಚಿತವಾಗಿ ಹುಡುಕಬಹುದು. ಜಿಎಸ್‌ಟಿ ನೋಟಿಸೆಂದು ಹೆದರಿಸಿದ್ದರೆ ನಿಮ್ಮ ಲಾಗಿನ್ ಮೂಲಕ ಜಿಎಸ್‌ಟಿ ಪೋರ್ಟಲಿನಲ್ಲಿಯೇ ನೋಡಿ.

ಹಂತ 6: ಹಣದ ದಾರಿಯನ್ನು ಎರಡು ಬಾರಿ ನೋಡಿ

ಇಷ್ಟಾದ ಮೇಲೂ ಪತ್ರ ನಿಜವೆಂದೇ ತೋರಿದರೆ, ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಏಪ್ರಿಲ್‌ನಿಂದ ಆರ್‌ಟಿಜಿಎಸ್ ಮತ್ತು ನೆಫ್ಟ್ ವರ್ಗಾವಣೆಯಲ್ಲೂ ಹಣ ಕಳುಹಿಸುವ ಮೊದಲು ಖಾತೆದಾರರ ಹೆಸರನ್ನು ನೋಡುವ ಸೌಲಭ್ಯ ಬಂದಿದೆ. ಅದನ್ನು ಬಿಡದೆ ಬಳಸಿ. ಪತ್ರದಲ್ಲಿ ಒಂದು ಹೆಸರಿದ್ದು ಖಾತೆ ಸಂಬಂಧವೇ ಇಲ್ಲದ ಮತ್ತೊಬ್ಬರದ್ದಾಗಿದ್ದರೆ ಕಳುಹಿಸಬೇಡಿ. ಯುಪಿಐಯಲ್ಲಿ ಪಿನ್ ಒತ್ತುವುದು ಹಣ ಕೊಡುವಾಗ ಮಾತ್ರ, ಮರುಪಾವತಿ ಪಡೆಯಲು ಪಿನ್ ಬೇಕಿಲ್ಲ ಎಂಬುದನ್ನು ಸಿಬ್ಬಂದಿಗೆಲ್ಲ ತಿಳಿಸಿ.

ನಿಮ್ಮದೇ ವಕೀಲರಿಂದ ಖಾತೆ ಬದಲಾವಣೆಯ ಮೇಲ್ ಬಂದಾಗ ಹಿಂದಿನ ಐದೂ ಹಂತಗಳು ನೆರವಿಗೆ ಬಾರದಿರಬಹುದು. ಅವರ ಮೇಲ್ ಖಾತೆಗೇ ಕನ್ನ ಬಿದ್ದಿದ್ದರೆ ವಿಳಾಸ ಸರಿ ಇರುತ್ತದೆ, ಪ್ರಕರಣ ನಿಜವಿರುತ್ತದೆ, ಹಳೆಯ ಪತ್ರವ್ಯವಹಾರವೂ ಕೆಳಗೆ ಕಾಣುತ್ತದೆ. ಇದಕ್ಕೆ ಉಪಾಯ ಒಂದೇ: ಹಾಳೆಯಲ್ಲಿ ಬರೆದಿಟ್ಟ ಹಳೆಯ ಸಂಖ್ಯೆಗೆ ಕರೆ ಮಾಡಿ, ಅವರ ಧ್ವನಿ ಕೇಳಿ, ಅವರ ಬಾಯಿಂದಲೇ ಖಾತೆಯ ಕೊನೆಯ ನಾಲ್ಕು ಅಂಕೆಗಳನ್ನು ಹೇಳಿಸಿಕೊಳ್ಳಿ. ನೀವು ಓದಿ ಹೇಳಿ ಅವರಿಂದ "ಹೌದು" ಎನ್ನಿಸಿಕೊಳ್ಳುವುದು ಸಾಲದು. ಶನಿವಾರ ಸಂಜೆಯೋ ಹಬ್ಬದ ಹಿಂದಿನ ದಿನವೋ ಬಂದ ಅವಸರದ ಕೋರಿಕೆಯನ್ನು ಮುಂದಿನ ಕೆಲಸದ ದಿನಕ್ಕೆ ಇಡಿ. ಇಂತಿಷ್ಟು ಮೊತ್ತಕ್ಕಿಂತ ಹೆಚ್ಚಿನ ಪಾವತಿಗೆ ಮಾಲೀಕರು ಮತ್ತು ಲೆಕ್ಕ ಬರೆಯುವವರು ಇಬ್ಬರೂ ಒಪ್ಪಬೇಕೆಂಬ ನಿಯಮ ಮಾಡಿಕೊಂಡರೆ, ಮಾಲೀಕರ ಹೆಸರಿನಲ್ಲೇ ಗುಮಾಸ್ತರಿಗೆ ಬರುವ ಸುಳ್ಳು ಮೇಲುಗಳಿಗೂ ತಡೆ ಬೀಳುತ್ತದೆ.

ಹಂತ 7: ಪತ್ರ ನಿಜವಾಗಿದ್ದರೆ

ಇ-ಮೇಲಿನಲ್ಲಿ ಬಂದಿದೆ, ಆದ್ದರಿಂದ ಲೆಕ್ಕಕ್ಕಿಲ್ಲ ಎಂಬ ನಂಬಿಕೆ ತಪ್ಪು. ಸಿವಿಲ್ ಪ್ರಕರಣಗಳಲ್ಲಿ ಸಮನ್ಸನ್ನು ಇ-ಮೇಲ್ ಮೂಲಕ ಕಳುಹಿಸಲು ಅವಕಾಶವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ನ್ಯಾಯಾಲಯದ ಮೊಹರಿನ ಚಿತ್ರವಿರುವ ಸಮನ್ಸನ್ನು ವಿದ್ಯುನ್ಮಾನ ರೂಪದಲ್ಲಿ ಕಳುಹಿಸಲು ಅವಕಾಶ ಕೊಟ್ಟಿದೆ. ನಿಜವಾದ ಸಮನ್ಸಿಗೆ ಹಾಜರಾಗದಿದ್ದರೆ ಪ್ರಕರಣ ಏಕಪಕ್ಷೀಯವಾಗಿ ತೀರ್ಮಾನವಾಗಬಹುದು. ಚೆಕ್ ಬೌನ್ಸ್ ನೋಟಿಸಿನ 15 ದಿನಗಳು ಕಳೆದರೆ ಕ್ರಿಮಿನಲ್ ದೂರಿಗೆ ದಾರಿಯಾಗುತ್ತದೆ. ಆದ್ದರಿಂದ ಮೇಲಿನ ಪರಿಶೀಲನೆಯನ್ನು ಒಂದೆರಡು ದಿನಗಳಲ್ಲಿ ಮುಗಿಸಿ, ಉತ್ತರವನ್ನು ನಿಮ್ಮ ವಕೀಲರ ಮೂಲಕವೇ ಕೊಡಿಸಿ. ವಕೀಲರ ಪರಿಚಯವಿಲ್ಲದವರು ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು, ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ವರಮಾನದವರು ಅಲ್ಲಿ ಉಚಿತ ವಕೀಲರ ನೆರವಿಗೂ ಅರ್ಹರು.

ಹಂತ 8: ಹಣ ಹೋಗಿದ್ದರೆ ಅಥವಾ ಲಗತ್ತು ತೆರೆದಿದ್ದರೆ

ಹಣ ಹೋಗಿದೆ ಎಂದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸರಿಸುವುದರಿಂದ, ಅದು ಕೈದಾಟುವ ಮುನ್ನ ತಡೆಹಿಡಿಸುವುದೇ ಈ ಕರೆಯ ಉದ್ದೇಶ. ಪಾವತಿಯ ಯುಟಿಆರ್, ಅಂದರೆ ವರ್ಗಾವಣೆಯ ಗುರುತಿನ ಸಂಖ್ಯೆ, ದಿನಾಂಕ, ಮೊತ್ತ ಮತ್ತು ಎದುರು ಖಾತೆಯ ವಿವರ ಕೈಯಲ್ಲಿರಲಿ. ಅದರೊಂದಿಗೇ ನಿಮ್ಮ ಬ್ಯಾಂಕಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ, ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ ಠಾಣೆಗೆ ಹೋಗಿ. ಆ ಠಾಣೆ ದೂರವಿದ್ದರೆ ಹತ್ತಿರದ ಯಾವುದೇ ಪೊಲೀಸ್ ಠಾಣೆಯಲ್ಲಿ ಮಾಹಿತಿ ಕೊಡಬಹುದು; ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿ ಅವರು ಅದನ್ನು ದಾಖಲಿಸದೆ ಕಳುಹಿಸುವಂತಿಲ್ಲ. ಕಂಪ್ಯೂಟರ್ ಸಾಧನ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 66ಡಿ ಕಲಮಿನಲ್ಲಿ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ. ಮುದ್ರಿತ ಪ್ರತಿಯ ಜೊತೆಗೆ ಮೂಲ ಮೇಲನ್ನೂ ಅದರ ಪೂರ್ಣ ಜಾತಕವನ್ನೂ ಉಳಿಸಿಕೊಂಡಿರಬೇಕು. ತನಿಖೆಗೆ ಬೇಕಾಗುವುದು ಅದೇ.

ನಾಚಿಕೆಯಿಂದ ಒಂದೆರಡು ದಿನ ಸುಮ್ಮನಿರುವುದು ಈ ಹಂತದ ದೊಡ್ಡ ತಪ್ಪು. ಕಳೆದ ಹಣ ಬಿಡಿಸಿಕೊಡುತ್ತೇವೆಂದು ಹೇಳಿಕೊಂಡು ಇನ್ನೊಬ್ಬ "ವಕೀಲರು" ಕರೆ ಮಾಡಿದರೆ ಅವರಿಗೂ ಹಣ ಕೊಡಬೇಡಿ. ಒಮ್ಮೆ ಮೋಸ ಹೋದವರನ್ನು ಮತ್ತೆ ಹುಡುಕಿಕೊಂಡು ಬರುವುದು ವಂಚಕರ ಅಭ್ಯಾಸ.

ಹಣ ಹೋಗದೆ ಲಗತ್ತನ್ನಷ್ಟೇ ತೆರೆದಿದ್ದರೆ, ಆ ಕಂಪ್ಯೂಟರಿನ ಇಂಟರ್‌ನೆಟ್ ಸಂಪರ್ಕವನ್ನು ಕೂಡಲೇ ಕಡಿದು, ಬೇರೊಂದು ಸಾಧನದಿಂದ ಇ-ಮೇಲ್, ಬ್ಯಾಂಕ್ ಮತ್ತು ಜಿಎಸ್‌ಟಿ ಗುಪ್ತಪದಗಳನ್ನು ಬದಲಿಸಿ, ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ. ನಂತರ ಮೇಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ಮತ್ತು 'ಫಿಲ್ಟರ್ಸ್' ವಿಭಾಗಗಳನ್ನು ತೆರೆದು ನೋಡಿ. ನಿಮಗೆ ಬರುವ ಮೇಲುಗಳ ಪ್ರತಿ ತಮಗೂ ಬರುವಂತೆ ವಂಚಕರು ಅಲ್ಲಿ ತಮ್ಮ ವಿಳಾಸವನ್ನು ಸೇರಿಸಿರಬಹುದು, ಮತ್ತು ಗುಪ್ತಪದ ಬದಲಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ನಿಮಗೆ ಗೊತ್ತಿಲ್ಲದ ವಿಳಾಸ ಕಂಡರೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ಅಳಿಸಿ, ನಿಮ್ಮೊಂದಿಗೆ ಆ ಮೇಲಿನಲ್ಲಿ ವ್ಯವಹರಿಸುವ ಖರೀದಿದಾರರಿಗೂ ವಕೀಲರಿಗೂ ಕರೆ ಮಾಡಿ ತಿಳಿಸಿ.